ಮೊದಲು ಕಾಲು ನೋಡಿ, ಆಮೇಲೆ ಸ್ಕ್ಯಾನ್ ಬರೆಯಿರಿ

ಕಾಲುರಿ ಅಂತ ಆಸ್ಪತ್ರೆಗೆ ಹೋದವರ ಕಾಲನ್ನೇ ಮುಟ್ಟದೆ ಸೊಂಟದ ಎಂಆರ್‌ಐ ಬರೆದುಕೊಡುವುದು ಈಗ ಮಾಮೂಲಾಗಿಬಿಟ್ಟಿದೆ. ನಾವೂ ಕೇಳುವುದಿಲ್ಲ. ದುಡ್ಡು ಕಟ್ಟುತ್ತೇವೆ, ಫಿಲ್ಮು ತರುತ್ತೇವೆ. ಅರವತ್ತು ದಾಟಿದವರ ಸೊಂಟದಲ್ಲಿ ಒಂದೆರಡು ಡಿಸ್ಕ್ ಸವೆದಿರುವುದು ಸಾಮಾನ್ಯ. ‘ನೋಡಿ, ಇದೇ ಕಾರಣ’ ಅಂತಾರೆ. ಸೊಂಟಕ್ಕೆ ಬೆಲ್ಟು ಬರುತ್ತದೆ. ಕಾಲುರಿ ಮಾತ್ರ ಹಾಗೇ ಇರುತ್ತದೆ.

ನಮ್ಮಮ್ಮನದ್ದು ಶುಗರ್ ಕಾಲು, ಅಂದರೆ ಸಕ್ಕರೆ ಕಾಯಿಲೆಯಿಂದ ಕಾಲಿನ ನರ ಹಾಳಾಗಿರುವುದು. ಹಗಲು ಹೇಗೋ ಕಳೆಯುತ್ತದೆ, ರಾತ್ರಿ ಮಲಗಿದ ಮೇಲೆ ಶುರು. ‘ಅಂಗಾಲಿಗೆ ಮೆಣಸಿನಪುಡಿ ಸವರಿದ ಹಾಗೆ’ ಅಂತಾರೆ. ಹೊದಿಕೆ ತಾಗಿದರೂ ನೋವು. ಒದ್ದೆ ಟವೆಲ್ ಸುತ್ತಿಕೊಂಡು ಗೋಡೆಗೆ ಒರಗಿ ಕೂತಿರುತ್ತಾರೆ. ಇಷ್ಟು ಉರಿಯುವ ಅದೇ ಕಾಲಿಗೆ ಚಪ್ಪಲಿ ಜಾರಿ ಹೋಗಿದ್ದು ಗೊತ್ತಾಗುವುದಿಲ್ಲ! ಬರಿಗಾಲಲ್ಲಿ ಅಂಗಳದವರೆಗೂ ಹೋಗಿರುತ್ತಾರೆ. ಉರಿಯೂ ಇದೆ, ಸ್ಪರ್ಶವೂ ಇಲ್ಲ. ಮನೆಗೆ ಬಂದವರಿಗೆ ಇದು ನಾಟಕದ ಹಾಗೆ ಕಾಣುತ್ತದೆ. ‘ವಯಸ್ಸಾಯ್ತಲ್ಲ, ಇರುತ್ತೆ ಬಿಡಿ’ ಅಂತ ಹೇಳಿ ಕಾಫಿ ಕುಡಿದು ಹೋಗುತ್ತಾರೆ.

ಕೊನೆಗೆ ಸರಿಯಾಗಿ ನೋಡಿದ ನರರೋಗ ತಜ್ಞರು ಮಾಡಿದ್ದೇನು ಗೊತ್ತಾ? ಅಮ್ಮನನ್ನು ಮಲಗಿಸಿ ಕಣ್ಣು ಮುಚ್ಚಲು ಹೇಳಿದರು. ನೈಲಾನ್ ದಾರವೊಂದನ್ನು ಅಂಗಾಲಿಗೆ ಒತ್ತಿ ‘ಅಮ್ಮಾ, ಈಗ ತಾಗ್ತಾ? ಈಗ?’ ಅಂತ ಕೇಳುತ್ತಾ ಹೋದರು. 10 ಗ್ರಾಂ ಒತ್ತಡಕ್ಕೆ ಬಾಗುವ ದಾರ ಅದು. ಆಮೇಲೆ 128 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕ್ ಬಡಿದು ಹೆಬ್ಬೆರಳ ಮೂಳೆಯ ಮೇಲಿಟ್ಟರು. ಅದು ಗುಂಯ್ ಅಂತ ಇರುವುದು ನನಗೇ ಕೇಳಿಸುತ್ತಿತ್ತು. ಅಮ್ಮ ಮಾತ್ರ ‘ಇಟ್ರಾ ಡಾಕ್ಟ್ರೇ?’ ಅಂದರು. ಪಾದದ ಹಿಂದೆ ಸುತ್ತಿಗೆ ತಟ್ಟಿದರು, ಬೆರಳ ಸಂದು ಬಿಡಿಸಿ ಗಾಯ ಇದೆಯಾ ನೋಡಿದರು. ಇಷ್ಟಕ್ಕೂ ಐದಾರು ನಿಮಿಷ ಸಾಕು. ಈ ಸಾಮಾನು ತಾಲ್ಲೂಕು ಆಸ್ಪತ್ರೆಯಲ್ಲೂ ಇಟ್ಟುಕೊಳ್ಳಬಹುದಾದಷ್ಟು ಅಗ್ಗ. ಆದರೆ ಇದಕ್ಕೆ ದೊಡ್ಡ ಬಿಲ್ ಹಾಕಲು ಬರಲ್ಲ, ಅಲ್ವಾ?

ಎನ್‌ಸಿಎಸ್ ಬಗ್ಗೆಯೂ ಒಂದು ಮಾತು. ಕಾಲಿಗೆ ಸಣ್ಣ ಶಾಕ್ ಕೊಟ್ಟು ನರದ ವೇಗ ಅಳೆಯುವ ಟೆಸ್ಟ್ ಅದು. ಅದರಲ್ಲಿ ಸಿಗುವುದು ದಪ್ಪ ನರದ ಎಳೆಗಳ ತೊಂದರೆ. ಉರಿ, ಬಿಸಿ, ನೋವನ್ನು ಒಯ್ಯುವ ಸಣ್ಣ ಎಳೆಗಳು ಅದಕ್ಕೆ ಕಾಣುವುದಿಲ್ಲ. ಹಾಗಾಗಿ ರಿಪೋರ್ಟ್ ನಾರ್ಮಲ್ ಬಂದರೂ ನರದ ಕಾಯಿಲೆ ಇರಬಹುದು. ನಮ್ಮ ಪರಿಚಯದ ಹೆಂಗಸೊಬ್ಬರಿಗೆ ದೊಡ್ಡ ಖಾಸಗಿ ಆಸ್ಪತ್ರೆಯೊಂದರಲ್ಲಿ ‘ಎಲ್ಲಾ ನಾರ್ಮಲ್, ಟೆನ್ಶನ್ ಕಮ್ಮಿ ಮಾಡ್ಕೊಳ್ಳಿ’ ಅಂದು ಕಳಿಸಿದರು. ಗಂಡಸು ಹೋಗಿದ್ದರೆ ಅಷ್ಟು ಸಲೀಸಾಗಿ ಈ ಮಾತು ಬರುತ್ತಿತ್ತಾ ಅಂತ ನನಗೆ ಅನುಮಾನ.

ಕಾರಣ ಹುಡುಕುವುದೂ ಮುಖ್ಯ. ಎಲ್ಲವೂ ಶುಗರ್ ಅಲ್ಲ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ವರ್ಷಗಟ್ಟಲೆ ತೆಗೆದುಕೊಂಡರೆ ವಿಟಮಿನ್ ಬಿ12 ಕಡಿಮೆಯಾಗಬಹುದು. ಅದರ ಮೇಲೆ ಸಸ್ಯಾಹಾರಿಗಳಾದರೆ ಕೊರತೆ ಇನ್ನೂ ಜಾಸ್ತಿ. ಆದರೆ ನಮ್ಮೂರುಗಳಲ್ಲಿ ಜೋಮು ಅಂದ ಕೂಡಲೇ ‘ನರದ ಇಂಜೆಕ್ಷನ್’ ಚುಚ್ಚಿಬಿಡುತ್ತಾರೆ. ಅದು ಬಿ12. ಚುಚ್ಚಿಸಿಕೊಂಡ ಮೇಲೆ ರಕ್ತ ಕೊಟ್ಟರೆ ಲೆಕ್ಕ ತಪ್ಪುತ್ತದೆ, ಮೊದಲು ಕೊರತೆ ಇತ್ತಾ ಇಲ್ವಾ ತಿಳಿಯುವುದಿಲ್ಲ. ಟೆಸ್ಟ್ ಮೊದಲು ಮಾಡಿಸಿ. ಥೈರಾಯ್ಡ್, ಕುಡಿತ, ಕೀಮೋ, ಟಿಬಿಗೆ ಕೊಡುವ ಐಸೋನಿಯಾಜಿಡ್, ಇವೂ ಕಾರಣ ಆಗಬಹುದು. ಕುಷ್ಠವನ್ನು ಮರೆತೇಬಿಟ್ಟಿದ್ದೇವೆ. ಚರ್ಮದಲ್ಲಿ ಸ್ಪರ್ಶವಿಲ್ಲದ ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ನಾಚಿಕೊಳ್ಳದೆ ತೋರಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಔಷಧಿ ಉಚಿತ.

ಇನ್ನು ಮಾತ್ರೆ. ಇಲ್ಲೇ ಜಾಸ್ತಿ ಜನ ಎಡವುವುದು. ಮಾಮೂಲಿ ನೋವಿನ ಮಾತ್ರೆ ನರದ ನೋವಿಗೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಡೈಕ್ಲೋಫೆನಾಕ್ ದಿನಾ ನುಂಗುತ್ತಾ ಹೋದರೆ ಶುಗರ್ ಇರುವವರ ಕಿಡ್ನಿಗೆ ಪೆಟ್ಟು. ತಜ್ಞರು ಬರೆಯುವುದು ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್, ಗ್ಯಾಬಾಪೆಂಟಿನ್, ಪ್ರೆಗಾಬಲಿನ್‌ನಂಥವು. ಮೊದಲೆರಡು ಖಿನ್ನತೆಗೆ ಬಂದ ಔಷಧಿ, ಆಮೇಲಿನ ಎರಡು ಫಿಟ್ಸ್‌ಗೂ ಕೊಡುವಂಥವು. ಮೆಡಿಕಲ್ ಶಾಪ್‌ನ ಹುಡುಗ ಚೀಟಿ ನೋಡಿ ‘ಡಿಪ್ರೆಶನ್ ಮಾತ್ರೆ ಇದು, ಯಾರಿಗೆ?’ ಅಂತ ಗಟ್ಟಿಯಾಗಿ ಕೇಳಿದ. ಅಮ್ಮ ಮನೆಗೆ ಬರುವವರೆಗೂ ಸುಮ್ಮನಿದ್ದು, ‘ನನಗೆ ತಲೆ ಕೆಟ್ಟಿದೆ ಅಂತಾನಾ ಡಾಕ್ಟ್ರು?’ ಅಂದರು. ಅವತ್ತು ನುಂಗಲಿಲ್ಲ. ನರದ ನೋವಿಗೂ ಇವನ್ನೇ ಕೊಡುತ್ತಾರೆ ಅಂತ ಬರೆಯುವಾಗಲೇ ಒಂದು ಮಾತು ಹೇಳಿದ್ದರೆ ಈ ರಾಮಾಯಣ ಇರುತ್ತಿರಲಿಲ್ಲ.

ಈ ಮಾತ್ರೆಗಳು ಇವತ್ತು ನುಂಗಿ ನಾಳೆ ಗುಣ ಕೊಡುವಂಥವಲ್ಲ. ಸಣ್ಣ ಡೋಸ್‌ನಿಂದ ಶುರು ಮಾಡಿ ವಾರಗಟ್ಟಲೆ ನೋಡಬೇಕು. ಮಂಪರು, ತಲೆಸುತ್ತು ಬರಬಹುದು. ರಾತ್ರಿ ಬಾತ್‌ರೂಮಿಗೆ ಎದ್ದಾಗ ಬೀಳದ ಹಾಗೆ ಲೈಟ್ ಉರಿಸಿಡಿ. ತಟ್ಟನೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ ಇಳಿಸಿ. ನೋವು ಪೂರ್ತಿ ಹೋಗುತ್ತದೆ ಅಂತ ಯಾರಾದರೂ ಗ್ಯಾರಂಟಿ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ. ಅರ್ಧ ಇಳಿದು ನಿದ್ದೆ ಬಂದರೂ ದೊಡ್ಡದೇ.

ಹಾಂ, ಸ್ಪರ್ಶ ಇಲ್ಲದ ಕಾಲನ್ನು ಬಿಸಿನೀರಲ್ಲಿ ಅದ್ದಬೇಡಿ. ಸುಟ್ಟರೂ ಗೊತ್ತಾಗಲ್ಲ. ನೋವಷ್ಟೇ ಅಲ್ಲದೆ ಕಾಲೇ ಬಲಹೀನ ಆಗಿ, ಆ ಬಲಹೀನತೆ ದಿನೇ ದಿನೇ ಮೇಲೇರಿದರೆ, ಮೂತ್ರದ ಹಿಡಿತ ತಪ್ಪಿದರೆ, ಒಪಿಡಿ ದಿನ ಕಾಯದೆ ನೇರ ಎಮರ್ಜೆನ್ಸಿಗೆ ಹೋಗಿ.

ಎಲ್ಲಿಗೆ ಹೋಗಬೇಕು ಅಂತ ಇನ್‌ಬಾಕ್ಸ್‌ನಲ್ಲಿ ಕೇಳುತ್ತಿದ್ದೀರಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಶುಗರ್ ಕಾಲಿಗೆ ಅಂತಲೇ ವಿಭಾಗ ಇರುವ ಸರ್ಕಾರಿ ಸಂಸ್ಥೆ, ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರಿನಾಲಜಿ ಕೂಡ ಬೆಂಗಳೂರಿನಲ್ಲೇ ಇದೆ. ಆದರೆ ಎಲ್ಲರೂ ಬೆಂಗಳೂರಿಗೇ ಓಡಬೇಕಿಲ್ಲ. ನಿಮ್ಮ ಜಿಲ್ಲೆಯ ಮೆಡಿಕಲ್ ಕಾಲೇಜಿನ ಮೆಡಿಸಿನ್ ವಿಭಾಗದಿಂದ ಶುರು ಮಾಡಿ. ಆಯುಷ್ಮಾನ್ ಕಾರ್ಡ್ ಅಡ್ಮಿಟ್ ಆದರೆ ಉಪಯೋಗಕ್ಕೆ ಬರುತ್ತದೆ, ತಿಂಗಳ ಮಾತ್ರೆಯ ಖರ್ಚು ನಮ್ಮದೇ. ಜನೌಷಧಿ ಅಂಗಡಿಯಲ್ಲಿ ವಿಚಾರಿಸಿ, ಕಡಿಮೆಗೆ ಸಿಗುತ್ತದೆ.

ನೋವಿಗೆ ಅಂತಲೇ ಇರುವ ಪೇನ್ ಕ್ಲಿನಿಕ್ ಅನ್ನುವುದನ್ನು ಬಹಳ ಕಡೆ ನಡೆಸುವವರು ಅರಿವಳಿಕೆ ತಜ್ಞರು. ಆಪರೇಷನ್‌ಗೆ ಮುಂಚೆ ಅನಸ್ತೇಷಿಯಾ ಕೊಡುತ್ತಾರಲ್ಲ, ಅವರೇ. ಹೊರಗೆ ದೊಡ್ಡ ಬೋರ್ಡ್ ಇಲ್ಲದಿರಬಹುದು. ಚೀಟಿ ಮಾಡಿಸುವ ಕೌಂಟರ್‌ನಲ್ಲಿ ‘ಅನಸ್ತೇಷಿಯಾ ವಿಭಾಗದಲ್ಲಿ ಪೇನ್ ಒಪಿಡಿ ಯಾವ ದಿನ?’ ಅಂತ ಕೇಳಿ. ಅವರಿಗೂ ಗೊತ್ತಿಲ್ಲದಿದ್ದರೆ ನೇರವಾಗಿ ಆ ವಿಭಾಗಕ್ಕೇ ಹೋಗಿ ಕೇಳಿ.