ದಿನಕ್ಕೆ 5 ಡಾಲರ್: ಫೋರ್ಡ್ ಕೊಟ್ಟಿದ್ದು ಕೂಲಿಯಾ, ಮೂಗುದಾರವಾ?

ಪರ

1914ರ ಜನವರಿ 5. ಅಮೆರಿಕದಲ್ಲಿ ಹೆನ್ರಿ ಫೋರ್ಡ್‌ನ ಕಾರು ಕಂಪನಿ ಹೊಸ ಕೂಲಿ ಸಾರಿತು: 8 ಗಂಟೆ ಕೆಲಸ, ದಿನಕ್ಕೆ 5 ಡಾಲರ್. ಅಲ್ಲಿಯವರೆಗೆ 9 ಗಂಟೆ ದುಡಿದರೂ ಕೈಗೆ ಬರುತ್ತಿದ್ದದ್ದು ಸುಮಾರು 2.34 ಡಾಲರ್. ಸುದ್ದಿ ಕೇಳಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯ ಗೇಟಿಗೆ ಸಾವಿರಾರು ಜನ ಮುಗಿಬಿದ್ದರು.

ಫೋರ್ಡ್ ಇದನ್ನು ಧರ್ಮಕ್ಕೆ ಕೊಡಲಿಲ್ಲ, ಒಪ್ಪೋಣ. 1913ರಲ್ಲಿ ಅಸೆಂಬ್ಲಿ ಲೈನ್ ಬಂತು: ಕಾರು ಸಾಲಾಗಿ ಮುಂದೆ ಸಾಗುತ್ತದೆ, ಒಬ್ಬೊಬ್ಬ ಒಂದೊಂದೇ ಭಾಗ ಜೋಡಿಸುತ್ತಾನೆ. ಕಾರು ಬೇಗ ತಯಾರಾಯಿತು, ಕೆಲಸಗಾರ ಸುಸ್ತಾದ. ಬೆಳಗಿಂದ ಸಂಜೆವರೆಗೆ ಅದೇ ನಟ್ಟು, ಅದೇ ತಿರುವು. ಯಾರು ನಿಲ್ತಾರೆ? ಸುಮಾರು 14 ಸಾವಿರ ಜನರ ಕಾರ್ಖಾನೆ ನಡೆಸಲು ಆ ವರ್ಷ 52 ಸಾವಿರ ಜನರನ್ನು ಸೇರಿಸಿಕೊಳ್ಳಬೇಕಾಯಿತು! ಕೂಲಿ ಏರಿದ ಮೇಲೆ ಬಿಟ್ಟು ಹೋಗುವವರು ಬಹಳ ಕಡಿಮೆಯಾದರು. 1908ರಲ್ಲಿ 850 ಡಾಲರ್ ಇದ್ದ ಮಾಡೆಲ್ ಟಿ ಕಾರಿನ ಬೆಲೆ 1916ಕ್ಕೆ 360ಕ್ಕೆ ಇಳಿಯಿತು. ಕಾರು ಕಟ್ಟುವವನೇ ಕಾರು ಕೊಳ್ಳುವ ಆಸೆ ಇಟ್ಟುಕೊಳ್ಳಬಹುದಾಯಿತು. ಲೆಕ್ಕ ಹಾಕಿಯೇ ಕೊಟ್ಟಿರಲಿ, ಮನೆಗೆ ಬಂದ ದುಡ್ಡು ದುಡ್ಡೇ ಅಲ್ವಾ?

ವಿರೋಧ

ದುಡ್ಡಿನ ಹಿಂದೆಯೇ ಮನೆಗೆ ಇನ್ನೊಬ್ಬರೂ ಬರುತ್ತಿದ್ದರು. ಆ 5 ಡಾಲರಿನಲ್ಲಿ ಸುಮಾರು ಅರ್ಧ ಮಾತ್ರ ಕೂಲಿ, ಉಳಿದದ್ದು 'ಲಾಭದ ಪಾಲು'. ಆ ಪಾಲು ಸಿಗಬೇಕಾದರೆ ಕೆಲಸಗಾರರ ಮನೆ, ನಡತೆ ವಿಚಾರಿಸುವ ಕಂಪನಿಯ ಸೋಷಿಯಾಲಜಿಕಲ್ ಡಿಪಾರ್ಟ್‌ಮೆಂಟಿನವರು ನೋಡಿ ಸೈ ಅನ್ನಬೇಕಿತ್ತು. ಕುಡೀತಾನಾ? ಎಷ್ಟು ದುಡ್ಡು ಉಳಿಸಿದ್ದಾನೆ? ಮನೆ ಚೊಕ್ಕಟವಾಗಿದೆಯಾ? ಹೊರಗಿನವರನ್ನು ಬಾಡಿಗೆಗೆ ಇಟ್ಟುಕೊಂಡಿದ್ದಾನಾ? ನಟ್ಟು ತಿರುಗಿಸುವವನ ಅಡುಗೆಮನೆ ಇಣುಕಿ ನೋಡಲು ಇವರು ಯಾರು? ಇನ್ನು ಹೆಂಗಸರಿಗಂತೂ ಮೊದಮೊದಲು ಈ ಪಾಲೇ ಇರಲಿಲ್ಲ.

ಗೇಟಿಗೆ ಮುಗಿಬಿದ್ದವರ ಕಥೆಯನ್ನೂ ಪೂರ್ತಿ ಹೇಳಬೇಕು. ಕೊರೆಯುವ ಜನವರಿ ಚಳಿಯಲ್ಲಿ ಅವರ ಮೇಲೆ ಪೈಪಿನಿಂದ ನೀರು ಬಿಟ್ಟು ಓಡಿಸಿದರು. ಅದೇ ತಿಂಗಳು, ತಮ್ಮ ಪಂಚಾಂಗದ ಪ್ರಕಾರ ಕ್ರಿಸ್‌ಮಸ್ ಮಾಡಲು ರಜೆ ಹಾಕಿದ ಎಂಟು ಒಂಬತ್ತು ನೂರು ಗ್ರೀಕರು, ರಷ್ಯನ್ನರು ಕೆಲಸ ಕಳೆದುಕೊಂಡರು. ಅಮೆರಿಕದಲ್ಲಿದ್ದರೆ ಅಮೆರಿಕದ ಹಬ್ಬವನ್ನೇ ಮಾಡಬೇಕಂತೆ.

ವಲಸೆ ಬಂದವರಿಗೆ ಇಂಗ್ಲಿಷ್ ಕಲಿಸಲು ಕಂಪನಿ ಶಾಲೆಯನ್ನೂ ನಡೆಸಿತು. ಅದರ ಸಮಾರಂಭ ನೋಡಬೇಕಿತ್ತು. ವೇದಿಕೆ ಮೇಲೊಂದು ಹಡಗು, ಮುಂದೆ ದೈತ್ಯ ಕಡಾಯಿ. ತಮ್ಮೂರಿನ ಬಟ್ಟೆ ತೊಟ್ಟವರು ಗಂಟುಮೂಟೆ ಹಿಡಿದು ಕಡಾಯಿಯೊಳಗೆ ಇಳಿಯುತ್ತಿದ್ದರು. ಹೊರಗೆ ಬರುವಾಗ ಎಲ್ಲರಿಗೂ ಅಮೆರಿಕದ ಬಟ್ಟೆ, ಕೈಯಲ್ಲಿ ಪುಟ್ಟ ಬಾವುಟ.