ಜ್ವಾಲಾಮುಖಿ ಇರುವವರೇ ಭಾಗ್ಯವಂತರು

ಬಿಸ್ಕತ್ತು ಸುಟ್ಟ ಸುದ್ದಿ ನೀವೂ ಓದಿರುತ್ತೀರಿ. 2025ರ ಜುಲೈನದ್ದು. ಅಫ್ಘಾನಿಸ್ತಾನ, ಪಾಕಿಸ್ತಾನದ ಹಸಿದ ಮಕ್ಕಳಿಗೆಂದು ಅಮೆರಿಕ ಸುಮಾರು 8 ಲಕ್ಷ ಡಾಲರ್ ಕೊಟ್ಟು ಕೊಂಡಿದ್ದ 500 ಟನ್‌ನಷ್ಟು ಪೌಷ್ಟಿಕ ಬಿಸ್ಕತ್ತು ದುಬೈನ ಗೋದಾಮಿನಲ್ಲೇ ಅವಧಿ ಮುಗಿಸಿಕೊಂಡಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತೀವಲ್ಲ, ಇಲ್ಲಿ ತುತ್ತು ಕೈಗೂ ಬರಲಿಲ್ಲ. ಹಂಚಲು ಅಪ್ಪಣೆ ಸಿಗಲಿಲ್ಲ. ಸುಡಲು ಸಿಕ್ಕಿತು, ಅದಕ್ಕೆ 1.3 ಲಕ್ಷ ಡಾಲರ್ ಖರ್ಚು ಬೇರೆ. ಭೇಷ್! ಹಸಿದವರಿಗೆ ಬಜೆಟ್ ಇಲ್ಲ, ಬಿಸ್ಕತ್ತಿನ ಶವಸಂಸ್ಕಾರಕ್ಕೆ ಇದೆ.

ಒಂದಷ್ಟು ದಿನ ಎಲ್ಲರೂ ಬೈದರು. ಬಿಸ್ಕತ್ತಿಗೆ ಸಿಕ್ಕಷ್ಟು ಮರುಕ ಅದನ್ನು ತಿನ್ನಬೇಕಿದ್ದ ಮಕ್ಕಳಿಗೆ ಸಿಗಲಿಲ್ಲ. ತಪ್ಪು ಮಕ್ಕಳದ್ದೇ ಬಿಡಿ. ಹಸಿವಿಗೆ ಹೊಗೆ ಬರಲ್ಲ, ಜ್ವಾಲೆ ಏಳಲ್ಲ. ಟಿವಿಯವರು ತಾನೇ ಏನು ತೋರಿಸಬೇಕು?

ಇದು ನನ್ನ ಕುಹಕ ಅಂದುಕೊಳ್ಳಬೇಡಿ, ಲೆಕ್ಕ ಇದೆ. ಐಸೆನ್ಸೀ ಮತ್ತು ಸ್ಟ್ರೋಮ್‌ಬರ್ಗ್ ಎಂಬ ಅರ್ಥಶಾಸ್ತ್ರಜ್ಞರು 1968ರಿಂದ 2002ರವರೆಗಿನ ಸುಮಾರು 5,000 ವಿಕೋಪಗಳನ್ನು ಅಮೆರಿಕದ ಟಿವಿ ಸುದ್ದಿಯ ಪಕ್ಕ ಇಟ್ಟು ನೋಡಿದರು. 2007ರಲ್ಲಿ ಪ್ರಕಟಿಸಿದರು. ಜ್ವಾಲಾಮುಖಿಯಲ್ಲಿ ಒಬ್ಬ ಸತ್ತರೆ ಸಿಗುವ ಪ್ರಚಾರ ಸಿಗಲು ಆಹಾರದ ಕೊರತೆಯಿಂದ ಸುಮಾರು 40,000 ಜನ ಸಾಯಬೇಕಂತೆ. ಪೂರ್ವ ಯುರೋಪಿನ ಒಂದು ಸಾವಿಗೆ ಆಫ್ರಿಕಾದ 45 ಸಾವು ಸಮ. ಇನ್ನು ಒಲಿಂಪಿಕ್ಸ್ ನಡೆಯುವಾಗ ಸಾಯಲು ಹೊರಟಿರೋ, ಕೆಟ್ಟಿರಿ. ಆಗ ಸುದ್ದಿಯೂ ಕಡಿಮೆ, ನೆರವೂ ಕಡಿಮೆ. ಆದ್ದರಿಂದ ಬಡ ದೇಶಗಳಿಗೆ ನನ್ನದೊಂದು ಪುಕ್ಕಟೆ ಸಲಹೆ: ಬರಗಾಲ ಬಿಟ್ಟುಬಿಡಿ, ಅದರಲ್ಲಿ ಲಾಭವಿಲ್ಲ. ಚಿಕ್ಕದಾದರೂ ಸರಿ, ಒಂದು ಜ್ವಾಲಾಮುಖಿ ಇಟ್ಟುಕೊಳ್ಳಿ. ಬಾಯಿ ಬಿಡುವ ಮುಂಚೆ ಕ್ರೀಡಾಕೂಟದ ವೇಳಾಪಟ್ಟಿ ನೋಡಲು ಅದಕ್ಕೆ ಹೇಳಿಕೊಡಿ.

ಕೊಡುವವರಿಗೆ ಕೊಡಲು ಬರುವುದಿಲ್ಲ ಅಂತಲೂ ಅಲ್ಲ. 2022ರ ಮಾರ್ಚ್ 1ರಂದು ವಿಶ್ವಸಂಸ್ಥೆ ಉಕ್ರೇನ್ ಜನರಿಗಾಗಿ 170 ಕೋಟಿ ಡಾಲರ್ ಕೇಳಿತು. ಅವತ್ತೇ 150 ಕೋಟಿಗೆ ಮಾತು ಕೊಟ್ಟರು. ಒಳ್ಳೆಯದೇ, ಹಾಗೇ ಕೊಡಬೇಕು. ಮರುವರ್ಷ ಸುಡಾನ್ ಅಂತರ್ಯುದ್ಧದಲ್ಲಿ ಹೊತ್ತಿಕೊಂಡಿತು. ಕೇಳಿದ್ದರಲ್ಲಿ ಬಂದದ್ದು ಹೆಚ್ಚುಕಡಿಮೆ ಅರ್ಧ. ಅದೇ 2023ರಲ್ಲಿ ಬಾಂಗ್ಲಾದೇಶದ ಕಾಕ್ಸ್ ಬಜಾರ್ ಶಿಬಿರಗಳಲ್ಲಿದ್ದ ರೋಹಿಂಗ್ಯಾಗಳ ಪಡಿತರ 12 ಡಾಲರಿನಿಂದ 10ಕ್ಕೆ, ಅಲ್ಲಿಂದ 8ಕ್ಕೆ ಇಳಿಯಿತು. ಒಬ್ಬರಿಗೆ, ಒಂದು ತಿಂಗಳಿಗೆ. ದುಡ್ಡಿಲ್ಲ ಅಂದರು.

ದುಡ್ಡಿದೆ ಸ್ವಾಮಿ. ಬ್ರಿಟನ್ನಿನ ಜಾಣತನ ನೋಡಿ. ನಿರಾಶ್ರಿತರು ನಿಮ್ಮ ದೇಶಕ್ಕೇ ಬಂದರೆ ಮೊದಲ ವರ್ಷ ಅವರ ಮೇಲೆ ಮಾಡುವ ಖರ್ಚನ್ನು ವಿದೇಶಿ ನೆರವು ಅಂತ ಬರೆದುಕೊಳ್ಳಬಹುದು, ನಿಯಮವೇ ಇದೆ. 2022ರಲ್ಲಿ ಬ್ರಿಟನ್ ಹೀಗೆ ಬರೆದುಕೊಂಡದ್ದು ಸುಮಾರು 370 ಕೋಟಿ ಪೌಂಡ್. ಅದರ ಇಡೀ ನೆರವಿನ ಕಾಲು ಭಾಗಕ್ಕಿಂತ ಜಾಸ್ತಿ! ಅದರಲ್ಲಿ ಹೋಟೆಲ್ ಬಿಲ್ಲುಗಳೂ ಇದ್ದವು. ದಾನ ಕೊಟ್ಟವನ ದುಡ್ಡು ಅವನ ಊರಿನ ಗಲ್ಲಾಪೆಟ್ಟಿಗೆಗೇ ಬಿತ್ತು. ಪುಣ್ಯ ಮಾತ್ರ ವಿದೇಶದ ಲೆಕ್ಕಕ್ಕೆ. ಬಂದವರನ್ನು ನೋಡಿಕೊಳ್ಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಬಿಲ್ಲನ್ನು ದೂರದ ದೇಶದಲ್ಲಿ ಹಸಿದವನ ತಟ್ಟೆಯಿಂದ ಕತ್ತರಿಸಬೇಕಾ?

2016ರಲ್ಲಿ ಇಸ್ತಾಂಬುಲ್‌ನಲ್ಲಿ ನೆರವು ಕೊಡುವ ದೇಶಗಳು, ದೊಡ್ಡ ನೆರವು ಸಂಸ್ಥೆಗಳು ಸೇರಿ, 2020ರೊಳಗೆ ನೆರವಿನ ಶೇ. 25ರಷ್ಟನ್ನು ಆಯಾ ದೇಶದ ಸ್ಥಳೀಯ ಸಂಸ್ಥೆಗಳಿಗೇ ಕೊಡುತ್ತೇವೆ ಅಂದಿದ್ದರು. 2020 ಬಂತು. ನೇರವಾಗಿ ಸಿಕ್ಕಿದ್ದು ಶೇ. 5ಕ್ಕಿಂತ ಕಡಿಮೆ. ಮುಂದಕ್ಕೆ ಹೋಗೋಣ.

ಹಿಂದಕ್ಕೇ ಹೋಗಬೇಕು, 2005ಕ್ಕೆ. ಹಿಂದಿನ ವರ್ಷದ ಮಿಡತೆ ಮತ್ತು ಬರದಿಂದ ನೈಜರ್ ದೇಶ ಹಸಿದಿತ್ತು. ವಿಶ್ವಸಂಸ್ಥೆ ತಿಂಗಳುಗಟ್ಟಲೆ ಕೇಳಿತು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಜುಲೈನಲ್ಲಿ ಟಿವಿಯಲ್ಲಿ ಮೂಳೆಚಕ್ಕಳದ ಮಕ್ಕಳು ಬಂದ ಮೇಲೆ ದುಡ್ಡು ಬಂತು. ಮೊದಲೇ ಕೊಟ್ಟಿದ್ದರೆ ದಿನಕ್ಕೆ ಒಂದು ಡಾಲರಿನಲ್ಲಿ ಮಗು ಸೊರಗದಂತೆ ತಡೆಯಬಹುದಿತ್ತು, ಈಗ ಒಂದು ಜೀವ ಉಳಿಸಲು 80 ಡಾಲರ್ ಬೇಕು ಎಂದರು ವಿಶ್ವಸಂಸ್ಥೆಯ ನೆರವಿನ ಮುಖ್ಯಸ್ಥ ಯಾನ್ ಎಗೆಲಾಂಡ್. ಇದನ್ನು ಬರೆಯುವಾಗ ತಮಾಷೆ ಮಾಡಲು ಮನಸ್ಸು ಬರುತ್ತಿಲ್ಲ. ಅಷ್ಟರಲ್ಲಿ ಹೋದ ಮಕ್ಕಳು ಹೋದರು. ಒಂದು ಡಾಲರ್ ಕೇಳಿದಾಗ ಇವರೆಲ್ಲ ಎಲ್ಲಿ ಹೋಗಿದ್ದರು? ಆ ವರ್ಷ ಒಲಿಂಪಿಕ್ಸ್ ಕೂಡ ಇರಲಿಲ್ಲ.