ಆ ಹತ್ತೊಂಬತ್ತನೇ ಕ್ರೆಡಿಟ್
ಒಂದು ಸೆಮಿಸ್ಟರ್‌ನಲ್ಲಿ 18 ಕ್ರೆಡಿಟ್ (ಕೋರ್ಸಿನ ಓದಿನ ಪ್ರಮಾಣ ಅಳೆಯುವ ಲೆಕ್ಕ) ದಾಟಿದವರಿಗೆ ಕಾಲೇಜು ಹೆಚ್ಚುವರಿ ಫೀಸು ಹಾಕುವುದು ಸರಿ, "ಹೆಚ್ಚು ಓದುವವರು ಹೆಚ್ಚು ಕೊಡಲಿ" ಅಂದಿದ್ದೀರಿ. ಆದರೆ ಅಮೆರಿಕದ ಎಷ್ಟೋ ಕಾಲೇಜುಗಳಲ್ಲಿ 12ರಿಂದ 18 ಕ್ರೆಡಿಟ್‌ವರೆಗೆ ಫೀಸು ಒಂದೇ. 12 ಓದಿದವನು ಓದದ ಆರಕ್ಕೂ ಕಟ್ಟಿರುತ್ತಾನೆ. ಅದನ್ನು ಯಾರೂ ವಾಪಸ್ ಕೊಡಲ್ಲ ಅಲ್ವಾ? ನನ್ನ ಮಗಳು ಮೊದಲ ಸೆಮಿಸ್ಟರ್‌ನಲ್ಲಿ 15 ತೆಗೆದುಕೊಂಡಳು. ಎರಡನೆಯದರಲ್ಲಿ ಕೆಮಿಸ್ಟ್ರಿ ಲ್ಯಾಬಿನ ಒಂದು ಕ್ರೆಡಿಟ್ ಸೇರಿ 19 ಆಯಿತು. ಆ ಒಂದಕ್ಕೆ ಬೇರೆ ಬಿಲ್ಲು! ಲ್ಯಾಬ್ ಬಿಟ್ಟು ಥಿಯರಿ ಮಾತ್ರ ಓದುವಂತೆಯೂ ಇರಲಿಲ್ಲ. ಸೆಮಿಸ್ಟರ್‌ಗೆ 18ರ ಬದಲು ಎರಡೂ ಸೇರಿ ವರ್ಷಕ್ಕೆ 36 ಅಂತ ಲೆಕ್ಕ ಹಿಡಿದಿದ್ದರೆ ಅವಳದು ಬರೀ 34. ಸುಮ್ನೆ ಸೀಟು ಹಿಡಿದು ಆಮೇಲೆ ಬಿಡುವವರನ್ನು ತಡೆಯೋಕೆ ಈ ಫೀಸು ಅಂತೀರಿ. ಹಾಗಿದ್ದರೆ ಬಿಟ್ಟವರಿಗೆ ದಂಡ ಹಾಕಲಿ, ಎಲ್ಲ ಮುಗಿಸಿ ಪಾಸಾದವಳಿಗೆ ಯಾಕೆ?